ಓಬೋ ಫೈಲಿನ ಎಂಟು ಮನೆ

ಫೆಬ್ರುವರಿ 6, ಗುರುವಾರ

ಡೈರಿ ಬರೆಯೋ ಜಾತಿಯವಳಲ್ಲ ನಾನು. ಆದರೆ ಇವತ್ತು ಮನೆಗೆ ಬಂದು ಮೂರು ಸಲ ಕೂತೆ, ಮೂರು ಸಲ ಎದ್ದೆ. ಅಮ್ಮ "ಕುರ್ಚಿಯಲ್ಲಿ ಮುಳ್ಳಿದೆಯೇನೇ?" ಅಂದಳು. ಬರೆದರೆ ಕೈಯಾದರೂ ಒಂದು ಕಡೆ ಇರುತ್ತೆ ಅಂತ ಕೂತಿದ್ದೀನಿ.

ಆಗಿದ್ದು ಇಷ್ಟೇ. ಯೂನಿವರ್ಸಿಟಿ ವಿಂಡ್ ಬ್ಯಾಂಡಿನ ಅಭ್ಯಾಸಕ್ಕೆ ಕೊಕ್ಕರೆ ಬರಲಿಲ್ಲ. ಕೊಕ್ಕರೆ ಅಂದರೆ ನಮ್ಮ ಓಬೋ ನುಡಿಸೋಳು, ಶಹನಾಯಿ ಜಾತಿಯ ವಾದ್ಯ ಅದು. ಗಣಿತದ ಕೊನೇ ವರ್ಷ. ಉದ್ದಕ್ಕೆ ಬೆಳೆದವಳು, ನುಡಿಸದೆ ಇರುವಾಗ ಒಂದೇ ಕಾಲ ಮೇಲೆ ನಿಂತಿರ್ತಾಳೆ. ಎದುರಿಗೆ ಅಕ್ಕ ಅಂತೀನಿ, ಇಲ್ಲಿ ಯಾರಿಗೆ ಹೆದರಬೇಕು? ಐವತ್ತೆರಡು ಜನರ ಬ್ಯಾಂಡಿನಲ್ಲಿ ಕ್ಲಾರಿನೆಟ್ ಹನ್ನೊಂದು, ಓಬೋ ಒಂದೇ. ಆ ಹನ್ನೊಂದರಲ್ಲಿ ನಾನು ಎರಡನೇ ಸಾಲಿನ ನಾಲ್ಕನೆಯವಳು.

ಮಾರ್ಚ್ ಕಛೇರಿಯ ದೊಡ್ಡ ತುಣುಕಿನ ಮಧ್ಯದಲ್ಲಿ ಎಲ್ಲರೂ ತಣ್ಣಗಾಗಿ ಓಬೋ ಒಂಟಿಯಾಗಿ ಹಾಡುತ್ತೆ. ಹದಿನಾರು ಮನೆಯ ಸೋಲೋ. (ಹಾಳೆಯ ಮೇಲೆ ಗೆರೆ ಎಳೆದು ಮಾಡಿದ ಒಂದೊಂದು ಖಾನೆಗೆ ನಾವು ಮನೆ ಅಂತೀವಿ, ಮನೆಗೆ ನಾಲ್ಕು ಎಣಿಕೆ.) ಓಬೋ ಇಲ್ಲದ ಬ್ಯಾಂಡುಗಳೂ ಇರುತ್ತವಲ್ಲ, ಅದಕ್ಕೇ ಎರಡನೇ ಕ್ಲಾರಿನೆಟ್ಟಿನ ಹಾಳೆಯಲ್ಲಿ ಆ ಸ್ವರಗಳನ್ನು ಇರುವೆ ಗಾತ್ರದ ಸಣ್ಣಚ್ಚಿನಲ್ಲಿ ಹಾಕಿರ್ತಾರೆ. 'ಓಬೋ ಇಲ್ಲದಿದ್ದರೆ ಮಾತ್ರ' ಅಂತ ಪಕ್ಕದಲ್ಲಿ ಬರೆದಿರುತ್ತೆ.

ಬ್ಯಾಂಡ್ ನಡೆಸೋ ಮೇಷ್ಟ್ರು ತಾಳದ ಕೋಲು ಕೆಳಗಿಟ್ಟು ಖಾಲಿ ಕುರ್ಚಿ ನೋಡಿದರು. ಆಮೇಲೆ ನಮ್ಮ ಸಾಲು ನೋಡಿದರು. "ಮೆಣಸು, ಸಣ್ಣಚ್ಚು ಓದು." ನನ್ನ ಕೋಪಕ್ಕೆ ಬ್ಯಾಂಡಿನವರಿಟ್ಟ ಹೆಸರು ಅದು, ಮೇಷ್ಟ್ರ ಬಾಯಿಗೂ ಹತ್ತಿದೆ.

ಓದಿದೆ. ಮೂರು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ನನ್ನ ಸದ್ದು ನನಗೇ ಕೇಳಿಸಿತು.

ಅಪ್ಪ ಲಿಫ್ಟ್ ಮೆಕ್ಯಾನಿಕ್. ಮೋಟರ್ ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಅಂತ ಹೇಳೋ ಮನುಷ್ಯ. ಐದು ಕಛೇರಿಗೆ ಬಂದಿದ್ದಾನೆ, ಐದು ಸಲವೂ ಹೊರಗೆ ಬಂದು ಒಂದೇ ಮಾತು: "ಚೆನ್ನಾಗಿತ್ತು ಪುಟ್ಟಿ. ಅದರಲ್ಲಿ ನಿನ್ನದು ಯಾವುದು?" ಚುಚ್ಚೋಕೆ ಕೇಳಲ್ಲ, ನಿಜವಾಗಿ ಗೊತ್ತಾಗದೆ ಕೇಳ್ತಾನೆ. ಅದೇ ನನಗೆ ಉರಿ.

ಫೆಬ್ರುವರಿ 10, ಸೋಮವಾರ

ಕೊಕ್ಕರೆಗೆ ನ್ಯುಮೋನಿಯಾ. ಆಸ್ಪತ್ರೆಯಲ್ಲಿದ್ದಾಳೆ. ಎರಡು ಮೂರು ವಾರ ಅಂತೆ.

ಪಾಪ ಅನ್ನಿಸಿತು. ಅನ್ನಿಸಿದ ಮೇಲೆ ಸಣ್ಣಚ್ಚನ್ನು ಮತ್ತೆ ನುಡಿಸಿದೆ, ಮೊದಲಿಗಿಂತ ಚೆನ್ನಾಗಿ ಬಂತು. ಕೊನೆಯಲ್ಲಿ ಆರು ಮನೆ ಪೂರ್ತಿ ಒಂದೇ ಸ್ವರ, ಇಪ್ಪತ್ತನಾಲ್ಕು ಎಣಿಕೆ, ಮಧ್ಯೆ ಉಸಿರು ತಗೊಳ್ಳೋ ಹಾಗಿಲ್ಲ. ನನ್ನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತಂತೆ. ಟ್ಯೂಬಾದ ಹಂಡೆ ಹೇಳಿದ. ಅವನೂ ಅವನ ವಾದ್ಯವೂ ಒಂದೇ ಗಾತ್ರ, ಅದಕ್ಕೇ ಆ ಹೆಸರು.

ಮೇಷ್ಟ್ರಿಗೆ ತುಣುಕು ಉದ್ದವಾಯಿತು ಅನ್ನಿಸಿದೆ. ಸೋಲೋಗೆ ಮುಂಚಿನ ಎಂಟು ಮನೆ ಹೊಡೆದುಹಾಕಿ ಅಂದರು. ಎಲ್ಲರೂ ಪೆನ್ಸಿಲ್ ತೆಗೆದು ಗೆರೆ ಎಳೆದರು.

ಬ್ಯಾಂಡಿನ ಫೈಲುಗಳ ಉಸ್ತುವಾರಿ ನನ್ನದು. ಯಾರು ಬಂದಿಲ್ಲವೋ ಅವರ ಹಾಳೆಯಲ್ಲಿ ಆ ದಿನದ ಬದಲಾವಣೆಯನ್ನೆಲ್ಲ ನಾನೇ ಗುರುತು ಹಾಕಿಡಬೇಕು. ಕೊಳಲಿನವಳೊಬ್ಬಳದು ಹಾಕಿದೆ, ಡ್ರಮ್ಮಿನವನದು ಹಾಕಿದೆ. ಓಬೋ ಫೈಲಿಗೆ ಬರೋ ಹೊತ್ತಿಗೆ ಬಸ್ಸಿನ ಹೊತ್ತಾಗಿತ್ತು. ಗುರುವಾರ ಹಾಕಿದರಾಯಿತು.

ಫೆಬ್ರುವರಿ 13, ಗುರುವಾರ

ಪೆನ್ಸಿಲ್ ಮುರಿದಿತ್ತು.

ಫೆಬ್ರುವರಿ 17, ಸೋಮವಾರ

ಕೊಕ್ಕರೆಯ ಮೆಸೇಜು. 'ಮನೆಗೆ ಬಂದೆ. ಏನಾದ್ರೂ ಬದಲಾಗಿದ್ಯಾ ಮೆಣಸು? ಮಲಗಿದಲ್ಲೇ ಮನಸ್ಸಲ್ಲಿ ಎಣಿಸಿಕೊಳ್ತೀನಿ.'

'ದೊಡ್ಡದೇನೂ ಇಲ್ಲ ಅಕ್ಕ, ಮೊದಲು ಹುಷಾರಾಗಿ' ಅಂತ ಬರೆದೆ. ಕಾಯಿಲೆಯವರ ತಲೆಗೆ ಲೆಕ್ಕ ತುಂಬೋದು ಸರಿಯಲ್ಲ. ಫಾರ್ಮಸಿ ಓದೋಳು ನಾನು, ವಿಶ್ರಾಂತಿ ಅಂದರೇನು ಅಂತ ನನಗೆ ಗೊತ್ತಿಲ್ವಾ? ಎಂಟು ಮನೆ ದೊಡ್ಡದೂ ಅಲ್ಲ.

ಮೆಸೇಜು ಕಳಿಸಿದ ಮೇಲೆ ಪಾತ್ರೆ ತೊಳೆದೆ, ಬೀರು ಜೋಡಿಸಿದೆ, ಬೂಟು ಒರೆಸಿದೆ. ಅಮ್ಮನಿಗೆ ಅನುಮಾನ ಬಂದು ಹಣೆ ಮುಟ್ಟಿ ನೋಡಿದಳು.

ಫೆಬ್ರುವರಿ 20, ಗುರುವಾರ

ಅಪ್ಪನಿಗೆ ಹೇಳಿಬಿಟ್ಟೆ. "ಈ ಸಲ ನನ್ನದು ಗೊತ್ತಾಗುತ್ತೆ ಅಪ್ಪ. ಎಲ್ಲರೂ ಸುಮ್ಮನಾಗ್ತಾರೆ, ಒಂದು ಮಾತ್ರ ಉಳಿಯುತ್ತೆ. ಅದು ನಾನು."

ಅಪ್ಪ ಸ್ಪ್ಯಾನರ್ ಒರೆಸ್ತಾ ಇದ್ದವನು ನಿಲ್ಲಿಸಿದ. "ಒಬ್ಬಳೇನಾ? ಎಷ್ಟೊತ್ತು?"

"ಒಂದು ನಿಮಿಷದ ಮೇಲೆ."

"ಒಂದು ನಿಮಿಷ ಅಂದ್ರೆ ಬಹಳ ಆಯ್ತು. ಲಿಫ್ಟು ಇಪ್ಪತ್ತು ಮಹಡಿ ಹೋಗುತ್ತೆ." ಮಾರ್ಚ್ ಹದಿನಾಲ್ಕಕ್ಕೆ ಸಂಜೆ ಪಾಳಿ ಬದಲಾಯಿಸಿಕೊಳ್ಳೋಕೆ ಅಲ್ಲೇ ಫೋನ್ ಹಚ್ಚಿದ. "ಮಗಳದ್ದು ಇದೆ" ಅಂತ ಆ ಕಡೆಯವನಿಗೆ ಎರಡು ಸಲ ಹೇಳಿದ.

ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೂ ಊಟಕ್ಕೆ ಕೂತರೆ ಕಾಲು ಅದರ ಪಾಡಿಗೆ ಕುಣಿಯುತ್ತೆ.

ಫೆಬ್ರುವರಿ 27, ಗುರುವಾರ

ಕೊಕ್ಕರೆ ಬಂದಳು. ಅರ್ಧ ಆಗಿದ್ದಾಳೆ, ಕೋಟಿನೊಳಗೆ ಆಳೇ ಇಲ್ಲ ಅನ್ನಿಸುತ್ತೆ. ಎಲ್ಲರೂ ಕಾಲಲ್ಲಿ ನೆಲ ಕುಟ್ಟಿ ಸ್ವಾಗತ ಮಾಡಿದೆವು. ನಾನೂ ಕುಟ್ಟಿದೆ.

ಅವಳ ಫೈಲು ಅವಳ ಸ್ಟ್ಯಾಂಡಿನ ಮೇಲಿತ್ತು. ನಾನೇ ಇಟ್ಟಿದ್ದೆ. ಗುರುತು ಹಾಕೋಕೆ ಇನ್ನೂ ಹತ್ತು ನಿಮಿಷ ಇತ್ತು, ಪೆನ್ಸಿಲ್ ಕಿವಿ ಹಿಂದೆಯೇ ಇತ್ತು.

ಆ ಜಾಗ ಬಂತು. ಐವತ್ತೊಂದು ಜನ ಎಂಟು ಮನೆ ಹಾರಿ ಈ ಕಡೆ ಬಂದೆವು, ಅವಳೊಬ್ಬಳು ಆ ಕಡೆ ಉಳಿದಳು. ಹಂಡೆಯ ಟ್ಯೂಬಾ ಕೆಳಗೆ ಮೆಲ್ಲಗೆ ಹಾಸಿಗೆ ಹಾಸಿಟ್ಟಿದೆ, ಮೇಲೆ ಹಾಡು ಇಲ್ಲ. ಕೊಕ್ಕರೆ ಓಬೋವನ್ನು ಮಡಿಲಲ್ಲಿಟ್ಟುಕೊಂಡು ಎಣಿಸ್ತಾ ಕೂತಿದ್ದಾಳೆ, ತುಟಿ ಅಲ್ಲಾಡೋದು ಕಾಣಿಸ್ತಾ ಇತ್ತು. ಇಲ್ಲದ ಮನೆಗಳನ್ನು ಎಣಿಸ್ತಾ ಇದ್ದಳು. ಎಲ್ಲೋ ಎಡವಟ್ಟಾಯಿತು ಅಂತ ಗೊತ್ತಾಗಿ ತಟ್ಟನೆ ಎತ್ತಿ ಊದಿದಳು, ಅದು ತಪ್ಪು ಜಾಗ, ಕಿರ್ರ್ ಅಂತು. ಯಾರೋ ಹಿಂದೆ ನಕ್ಕರು.

ಮೇಷ್ಟ್ರು, "ಎಂಟು ಮನೆ ತೆಗೆದು ಎರಡು ವಾರದ ಮೇಲಾಯ್ತಲ್ಲಮ್ಮ" ಅಂದರು.

ಅವಳು ಹಾಳೆ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಹೇಳಿದ್ದೆಯೇನೋ. ಜ್ವರದಲ್ಲಿ ನನಗೇ ನೆನಪಿಲ್ಲ."

ನಾನು ಕ್ಲಾರಿನೆಟ್ ಬಾಯಿಗೆ ಕಟ್ಟೋ ರೀಡ್ ಪಟ್ಟಿ ಸರಿ ಮಾಡಿಕೊಳ್ತಾ ಇದ್ದೆ.

ಎರಡನೇ ಸಲ ಸರಿಯಾಗಿ ಬಂದಳು, ಆದರೆ ಉದ್ದದ ಸ್ವರದ ನಾಲ್ಕನೇ ಮನೆಯಲ್ಲಿ ಕೆಮ್ಮು ಬಂದು ಕಡಿದುಹೋಯಿತು. ಮೇಷ್ಟ್ರು ಬಹಳ ಹೊತ್ತು ತಲೆ ಕೆರೆದುಕೊಂಡರು. "ನೀನು ಎಲ್ಲರ ಜೊತೆಗಿನದ್ದು ನುಡಿಸು. ಸೋಲೋ ಮೆಣಸಿಗಿರಲಿ."

ಎಲ್ಲರೂ ಹೋದ ಮೇಲೆ ಫೈಲು ಜೋಡಿಸಿದೆ. ಓಬೋ ಹಾಳೆಯಲ್ಲಿ ಆ ಎಂಟು ಮನೆಯ ಮೇಲೆ ಅಚ್ಚುಕಟ್ಟಾಗಿ ಗೆರೆ ಎಳೆದೆ. ಈಗ ಎಲ್ಲ ಫೈಲೂ ಸರಿಯಾಗಿದೆ.

ಫೆಬ್ರುವರಿ 28, ಶುಕ್ರವಾರ

ಸೋಲೋ ನನ್ನದು. ನನ್ನದು. ಮತ್ತೆ ಯಾಕೆ ಉಗುರು ಕಚ್ಚಿ ರಕ್ತ ಬರಿಸಿಕೊಂಡಿದ್ದೀನಿ?

ಮಾರ್ಚ್ 1, ಶನಿವಾರ

ಕೊಕ್ಕರೆ ಫಾರ್ಮಸಿ ಲ್ಯಾಬಿನ ಹೊರಗೆ ಕಾಯ್ತಾ ನಿಂತಿದ್ದಳು, ಎರಡೂ ಕಾಲ ಮೇಲೆ. ಕೈಯಲ್ಲಿ ಅವಳದೇ ಒಂದು ಹಳೇ ಪ್ರತಿ, ತುಂಬ ಅವಳ ಗುರುತುಗಳು.

"ಮೂರನೇ ಮನೇಲಿ ಓಡಬೇಡ, ಅಲ್ಲಿ ಎಲ್ಲರೂ ಓಡ್ತಾರೆ. ಒಂಬತ್ತರಲ್ಲಿ ಸದ್ದು ಸ್ವಲ್ಪ ಮಾತ್ರ ದಪ್ಪ ಮಾಡು. ಉಳಿದದ್ದು ಬರೆದಿದ್ದೀನಿ ನೋಡು." ಹಾಗೇ ಹೋಗಬಹುದಿತ್ತು. ಹೋಗಲಿಲ್ಲ. "ಒಂದು ಕೇಳ್ಲಾ? ಬೆಳಿಗ್ಗೆ ಬ್ಯಾಂಡ್ ರೂಮಿಗೆ ಹೋಗಿದ್ದೆ. ಫೈಲಲ್ಲಿ ಗುರುತು ಇದೆ. ಅವತ್ತು ನಾನು ನೋಡ್ದಾಗ ಇರಲಿಲ್ಲ ಅಂತ ಪ್ರಮಾಣ ಮಾಡ್ತಿದ್ದೆ. ಕಣ್ಣ ಮುಂದೆ ಇದ್ದದ್ದು ಕಂಡಿಲ್ಲ ಅಂದ್ರೆ, ಜ್ವರ ತಲೆಗೆ ಏರಿತ್ತು ಅಂತ ತಾನೇ? ಮುಂದಿನ ತಿಂಗಳು ಪರೀಕ್ಷೆ. ಎಣಿಸೋದೇ ನನ್ನ ಕಸುಬು."

"ಸುಸ್ತಿಗೆ ಹಾಗಾಗುತ್ತೆ ಅಕ್ಕ" ಅಂದೆ. ನನ್ನ ಬಾಯೇ ಅಂದದ್ದು ಅದು.

"ಇರಬೇಕು" ಅಂದಳು. ರಬ್ಬರು ಬ್ಯಾಂಡಿನಲ್ಲಿ ಸುತ್ತಿದ ಪ್ರತಿಯನ್ನು ನನ್ನ ಕೈಗಿಟ್ಟು ಮೆಟ್ಟಿಲಿಳಿದು ಹೋದಳು. ಪ್ರತಿ ಮೆಟ್ಟಿಲಿಗೂ ತುಟಿ ಅಲ್ಲಾಡಿಸ್ತಾ ಇದ್ದಳು. ಎಷ್ಟು ಮೆಟ್ಟಿಲು ಅಂತ ಪರೀಕ್ಷೆ ಮಾಡಿಕೊಳ್ತಾ ಇದ್ದಳೇನೋ.

ಮಾರ್ಚ್ 3, ಸೋಮವಾರ

ಸೋಲೋ ಚೆನ್ನಾಗಿ ಬಂತು. ಅವಳು ಹೇಳಿದ ಹಾಗೆ ಮೂರರಲ್ಲಿ ಓಡಲಿಲ್ಲ. ಮೇಷ್ಟ್ರು "ಭೇಷ್" ಅಂದರು, ಹಂಡೆ ತೊಡೆ ತಟ್ಟಿದ. ಓಬೋ ಕಡೆ ನೋಡಬಾರದು ಅಂತಿದ್ದೆ, ನೋಡಿದೆ. ಬೆರಳು ಮಡಚಿ ಮಡಚಿ ಎಣಿಸ್ತಾ ಇದ್ದಳು, ಒಂದನೇ ಕ್ಲಾಸಿನ ಮಕ್ಕಳ ಹಾಗೆ. ಕಛೇರಿಯನ್ನೇ ಬಿಟ್ಟುಬಿಡ್ತೀನಿ ಅಂತ ಹಂಡೆಗೆ ಹೇಳಿದಳಂತೆ.

ಬಸ್ಸಿಗೆ ಕಾಯೋಕೆ ಆಗಲಿಲ್ಲ. ನಾಲ್ಕು ಸ್ಟಾಪು ನಡೆದೇ ಬಂದೆ.

ಮಾರ್ಚ್ 5, ಬುಧವಾರ

ಅಪ್ಪ ಇವತ್ತು ಕೆಂಡ. ಹಿಂದಿನ ಪಾಳಿಯವನು ಲಿಫ್ಟಿನ ಒಂದು ತಂತಿ ಬಿಚ್ಚಿ ಹೋಗಿದ್ದಾನೆ. ಒಳಗಡೆ ಒಂದು ಕಾರ್ಡು ನೇತಾಡ್ತಿರುತ್ತೆ, ಏನು ಬಿಚ್ಚಿದೆ ಅಂತ ಅದರಲ್ಲಿ ಬರೆಯಬೇಕು. ಬರೆದಿಲ್ಲ. ಅಪ್ಪನ ಜೊತೆಗಾರ ಕೈ ಹಾಕಿದ, ಎರಡು ಬೆರಳಿಗೆ ಹೊಲಿಗೆ ಬಿತ್ತು.

"ಮರೆತೆ ಅಂತಾನೆ. ಮರೆಯೋಕೆ ಏನಿದೆ ಅದರಲ್ಲಿ? ಪೆನ್ನು ಅಲ್ಲೇ ಕಟ್ಟಿದೆ ದಾರದಲ್ಲಿ. ಆಮೇಲೆ ನಾವು ಆಸ್ಪತ್ರೆಯಿಂದ ಬರೋದರೊಳಗೆ ಕಾರ್ಡಲ್ಲಿ ಬರೆದೂ ಬಿಟ್ಟಿದ್ದ. ಇತ್ತಲ್ಲ, ನೀವೇ ನೋಡಿಲ್ಲ ಅಂತ ನಮಗೇ ಹೇಳ್ತಾನೆ. ಅದಕ್ಕೆ ಏನನ್ನಬೇಕು ಹೇಳು?"

ನನ್ನನ್ನೇ ಕೇಳಿದ. ಅರ್ಧ ಉಂಡ ತಟ್ಟೆ ಎತ್ತಿಕೊಂಡು ಎದ್ದೆ.

ಮಾರ್ಚ್ 6, ಗುರುವಾರ

ಅಭ್ಯಾಸಕ್ಕೆ ಒಂದು ಗಂಟೆ ಮೊದಲೇ ಹೋದೆ. ಮೇಷ್ಟ್ರು ಒಬ್ಬರೇ ಕುರ್ಚಿ ಸಾಲು ಮಾಡ್ತಾ ಇದ್ದರು. ಅವರ ಎದುರು ನಿಂತು ಹೇಳಿದೆ: ಬರೆಯಲಿಲ್ಲ, ಬೇಕಂತಲೇ ಬರೆಯಲಿಲ್ಲ, ಆಮೇಲೆ ಬರೆದು ಮುಚ್ಚಿ ಹಾಕಿದೆ. ಬೇಕಂತಲೇ ಅನ್ನೋ ಪದ ಬಾಯಿಂದ ಬಂದಾಗಲೇ ನನಗೂ ಗೊತ್ತಾಯಿತು.

ಮೇಷ್ಟ್ರು ಬೈಯಲಿಲ್ಲ. ಕೈಯಲ್ಲಿದ್ದ ಕುರ್ಚಿಯನ್ನು ಇಟ್ಟು ಅದರ ಮೇಲೇ ಕೂತರು. "ಫೈಲಿನ ಕಬೋರ್ಡ್ ಬೀಗದ ಕೈ ಕೊಡು." ಕೊಟ್ಟೆ. "ಹೋಗಿ ಅವಳಿಗೆ ಹೇಳು. ಸೋಲೋ ಯಾರದು ಅನ್ನೋದನ್ನ ಅವಳು ಹೇಳಲಿ."

ಅಕ್ಕ ಓಬೋ ಜೋಡಿಸ್ತಾ ಇದ್ದಳು. ಹೇಳಿದೆ. ಅಳಬಾರದು ಅಂತಿದ್ದೆ, ಅಳಲಿಲ್ಲ. ಅವಳು ಜೋಡಿಸೋದನ್ನು ನಿಲ್ಲಿಸಲೇ ಇಲ್ಲ, ಪೂರ್ತಿ ಜೋಡಿಸಿ, ರೀಡನ್ನು ಬಾಯಲ್ಲಿಟ್ಟು ಒದ್ದೆ ಮಾಡಿ, ತೆಗೆದು, ಆಮೇಲೆ ಮಾತಾಡಿದಳು.

"ಸೋಲೋ ಹೋದದ್ದಕ್ಕೆ ನನಗೆ ಅಷ್ಟು ಬೇಜಾರಿರಲಿಲ್ಲ ಗೊತ್ತಾ. ಒಂದು ವಾರದಿಂದ ಬಾಗಿಲು ಹಾಕಿದ್ದೀನಾ ಅಂತ ನಾಲ್ಕು ನಾಲ್ಕು ಸಲ ನೋಡ್ತಿದ್ದೀನಿ. ಒಂದು ಲೆಕ್ಕ ಮಾಡಿದ್ರೆ ಇನ್ನೊಬ್ಬರ ಹತ್ರ ತೋರಿಸ್ತಿದ್ದೀನಿ. ನನ್ನ ತಲೆ ಹೋಯ್ತು ಅಂತ ನಂಬಿಸಿದ್ಯಲ್ಲೇ."

ತಪ್ಪಾಯ್ತು ಅಂದೆ. ಆ ಮಾತು ಎಷ್ಟು ಸಣ್ಣದು.

"ನಾನೇ ನುಡಿಸ್ತೀನಿ" ಅಂದಳು. "ಕೊನೇ ಕಛೇರಿ ಇದು ನಂದು. ಆದ್ರೆ ಉದ್ದದ ಸ್ವರ ನನ್ನ ಕೈಲಾಗಲ್ಲ, ಶ್ವಾಸಕೋಶ ಇನ್ನೂ ಅರ್ಧ ಮುಷ್ಕರದಲ್ಲಿದೆ. ನಾಲ್ಕನೇ ಮನೇಲಿ ನಾನು ಉಸಿರು ತಗೊಳ್ಳೋವಾಗ ನೀನು ಅದೇ ಸ್ವರವನ್ನ ಮೆಲ್ಲಗೆ ನನ್ನ ಅಡಿಯಲ್ಲಿ ಹಿಡಿದಿರಬೇಕು. ನಾನು ವಾಪಸ್ ಬಂದ ಮೇಲೆ ಹೋಗಬೇಕು. ಬಂದದ್ದೂ ಗೊತ್ತಾಗಬಾರದು, ಹೋದದ್ದೂ ಗೊತ್ತಾಗಬಾರದು. ಒಬ್ಬರಿಗೆ ಗೊತ್ತಾದ್ರೂ ಕೆಟ್ಟ ಹಾಗೆ."

ಬ್ಯಾಂಡಿನಲ್ಲಿ ಇದು ಹೊಸದಲ್ಲ, ಉದ್ದದ ಸ್ವರಗಳಲ್ಲಿ ನಾವು ಪಕ್ಕದವರ ಉಸಿರು ನೋಡಿಕೊಂಡೇ ಉಸಿರು ತಗೊಳ್ಳೋದು. ಆದರೆ ಅಲ್ಲಿ ಹನ್ನೊಂದು ಜನ ಇರ್ತೀವಿ. ಇಲ್ಲಿ ಇಬ್ಬರೇ.

ಅಪ್ಪನಿಗೆ ಹೇಳಲಿಲ್ಲ. ಪಾಳಿ ಬದಲಾಯಿಸಿಕೊಂಡಿದ್ದಾನೆ, ಅಂಗಿ ಇಸ್ತ್ರಿಗೆ ಕೊಟ್ಟಿದ್ದಾನೆ.

ಮಾರ್ಚ್ 7, ಶುಕ್ರವಾರ

ಸದ್ದಿಲ್ಲದ ಕಡೆಯಿಂದ ಸದ್ದಿಗೆ ಬರೋದು. ಇನ್ನೂರು ಸಲ. ಅಮ್ಮ ಬಾಗಿಲಲ್ಲಿ ನಿಂತು "ನುಡಿಸ್ತಾ ಇದ್ದೀಯಾ, ಸುಮ್ಮನೆ ಬಾಯಲ್ಲಿಟ್ಟುಕೊಂಡು ಕೂತಿದ್ದೀಯಾ?" ಅಂತ ಕೇಳಿದಳು. ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಮಾರ್ಚ್ 10, ಸೋಮವಾರ

ಅಕ್ಕ ಉಸಿರು ತಗೊಳ್ಳಲೇ ಇಲ್ಲ.

ನಾನು ಬಂದೆ, ಸರಿಯಾಗಿ ಬಂದೆ, ಅವಳ ಸ್ವರದ ಅಡಿಯಲ್ಲಿ ಕಾಯ್ತಾ ಇದ್ದೆ. ಅವಳು ಬಿಡಲಿಲ್ಲ. ಕತ್ತಿನ ನರ ಉಬ್ಬಿಸಿಕೊಂಡು ಎಳೆದಳು, ಐದನೇ ಮನೆಯಲ್ಲಿ ಕಡಿದಳು. ಮೂರು ಸಲವೂ ಹಾಗೇ. ಮೇಷ್ಟ್ರು ಇಬ್ಬರನ್ನೂ ನೋಡಿ ಮುಂದಿನ ಭಾಗಕ್ಕೆ ಹೋದರು.

ನನಗೆ ಅರ್ಥ ಆಗುತ್ತೆ. ನಾನಾಗಿದ್ದರೂ ನನ್ನ ನಂಬಿ ಬಾಯಿ ತೆಗೀತಿರಲಿಲ್ಲ.

ಮಾರ್ಚ್ 13, ಗುರುವಾರ

ಕೊನೇ ಅಭ್ಯಾಸ. ಇವತ್ತೂ ತಗೊಳ್ಳಲಿಲ್ಲ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ನೀರಿನ ಬಾಟ್ಲಿ ಕೊಟ್ಟೆ. ಕುಡಿದು, ಮುಚ್ಚಳ ಹಾಕಿ ನೆಲದ ಮೇಲಿಟ್ಟಳು.

ಫೈಲು ಈಗ ಹಂಡೆಯ ಉಸ್ತುವಾರಿ. ಎಲ್ಲ ತಲೆಕೆಳಗು ಮಾಡಿಟ್ಟಿದ್ದಾನೆ. ನೋಡಿ ಕೈ ತುರಿಸಿತು, ಮುಟ್ಟಲಿಲ್ಲ.

ನಾಳೆ ಅದು ಕಡಿದರೆ ಸಭೆ ಪೂರ್ತಿ ಅವಳ ಕಡೆ ನೋಡುತ್ತೆ. ನನ್ನ ಕಡೆ ಯಾರೂ ನೋಡಲ್ಲ. ಅದೇ ತಡೆಯೋಕಾಗದೆ ಇರೋದು. ಮನೆಯಲ್ಲಿ ಇಲ್ಲಿಂದ ಅಲ್ಲಿಗೆ ನಡೆದೂ ನಡೆದೂ ಅಮ್ಮನ ಬಾಯಿಂದ "ನೆಲ ಸವೀತು" ಅನ್ನಿಸಿಕೊಂಡೆ.

ಮಾರ್ಚ್ 15, ಶನಿವಾರ

ನಿನ್ನೆಯದು ನಿನ್ನೆ ಬರೆಯೋಕೆ ಆಗಲಿಲ್ಲ.

ಸಭಾಂಗಣ ತುಂಬಿತ್ತು. ಅಪ್ಪ ಐದನೇ ಸಾಲಿನ ಅಂಚಿನಲ್ಲಿ, ಇಸ್ತ್ರಿ ಮಾಡಿದ ಅಂಗಿ, ಕೈ ಎರಡೂ ಮೊಣಕಾಲ ಮೇಲೆ. ಎಂಟು ಮನೆ ಹಾರಿದೆವು. ಎಲ್ಲರೂ ತಣ್ಣಗಾದೆವು. ಅಕ್ಕ ಸರಿಯಾದ ಎಣಿಕೆಗೆ ಓಬೋ ಎತ್ತಿದಳು. ಅಪ್ಪ ಮುಂದಕ್ಕೆ ಬಾಗಿದ್ದು ಕಾಣಿಸಿತು. ನನ್ನ ಕ್ಲಾರಿನೆಟ್ ಇನ್ನೂ ಮಡಿಲಲ್ಲೇ ಇತ್ತು. ಅವನು ಹಾಗೇ ಬಾಗಿಕೊಂಡೇ ಇದ್ದ. ಆ ಹತ್ತು ಮನೆಯಷ್ಟು ಉದ್ದದ ಹೊತ್ತನ್ನು ನಾನು ಕಂಡಿಲ್ಲ.

ಉದ್ದದ ಸ್ವರ ಶುರುವಾಯಿತು. ಮೂರನೇ ಮನೆಯ ಕೊನೆಗೆ ನಾನು ಒಳಗೆ ಹೋದೆ, ಎಷ್ಟು ಮೆಲ್ಲಗೆ ಅಂದರೆ ರೀಡ್ ನಡುಗ್ತಾ ಇದೆಯೋ ಇಲ್ಲವೋ ಅಂತ ನನಗೇ ಅನುಮಾನ. ನಾಲ್ಕನೇ ಮನೆ. ತಗೋ ಅಕ್ಕ, ತಗೋ ಅಂತ ಒಳಗೇ ಬೇಡಿಕೊಂಡೆ.

ತಗೊಂಡಳು. ಸಣ್ಣ ಸದ್ದು, ನೀರಿನಿಂದ ಮೇಲೆ ಬಂದವರ ಹಾಗೆ. ಎರಡು ಎಣಿಕೆ ಆ ಸ್ವರ ನನ್ನೊಬ್ಬಳ ಕೈಯಲ್ಲಿತ್ತು. ಮೂರನೆಯದಕ್ಕೆ ಅವಳು ಮೇಲೆ ಬಂದು ಕೂತಳು, ನಾನು ಬಂದ ದಾರಿಯಲ್ಲೇ ಹಿಂದೆ ಸರಿದೆ. ಆರನೇ ಮನೆಯ ಕೊನೆಯ ಎಣಿಕೆವರೆಗೂ ಅವಳು ಎಳೆದಳು, ಕಡಿಯಲಿಲ್ಲ.

ಚಪ್ಪಾಳೆಯ ಹೊತ್ತಿಗೆ ಮೇಷ್ಟ್ರು ಅವಳನ್ನು ಎಬ್ಬಿಸಿ ನಿಲ್ಲಿಸಿದರು. ಒಂದೇ ಕಾಲ ಮೇಲೆ ನಿಂತಳು.

ಹೊರಗೆ ಅಪ್ಪ ಸ್ಕೂಟರಿನ ಹತ್ತಿರ ಕಾಯ್ತಾ ಇದ್ದ.

"ಬದಲಾಯ್ತು ಅಪ್ಪ. ನನ್ನದಿರಲಿಲ್ಲ."

"ಹೂಂ." ಹೆಲ್ಮೆಟ್ ಕೈಯಲ್ಲಿ ತಿರುಗಿಸ್ತಾ ಇದ್ದ. "ಆ ಉದ್ದಕ್ಕೆ ಎಳೆದದ್ದು ಇತ್ತಲ್ಲ, ಅಲ್ಲಿ ಮಧ್ಯದಲ್ಲಿ ಭಾರ ಒಂದು ಮೋಟರಿಂದ ಇನ್ನೊಂದಕ್ಕೆ ಹೋಯ್ತು. ಮತ್ತೆ ವಾಪಸ್ ಬಂತು. ಒಂಚೂರೂ ಜಗ್ಗಲಿಲ್ಲ. ಪಕ್ಕದ ಸೀಟಿನವರನ್ನ ಕೇಳಿದೆ, ಅವರಿಗೆ ಗೊತ್ತೇ ಆಗಿಲ್ಲ."

ಗೊತ್ತಾಗಬಾರದಿತ್ತು, ಒಬ್ಬರಿಗೂ. "ಯಾರೋ ಗೊತ್ತಿಲ್ಲಪ್ಪ" ಅಂದೆ.

"ಯಾರಾದ್ರೂ ಆಗಲಿ, ಕೆಲಸ ಕಲಿತೋರು" ಅಂದ. ಹೆಲ್ಮೆಟ್ಟನ್ನು ನನ್ನ ತಲೆಗೆ ಹಾಕಿ ಗದ್ದದ ಕೆಳಗಿನ ಪಟ್ಟಿ ತಾನೇ ಬಿಗಿದ, ಸಣ್ಣವಳಿದ್ದಾಗ ಬಿಗೀತಿದ್ದ ಹಾಗೆ. ಮನೆ ತಲುಪೋವರೆಗೂ, ನಿನ್ನದು ಯಾವುದು ಅಂತ ಕೇಳಲಿಲ್ಲ.

ಮಾರ್ಚ್ 17, ಸೋಮವಾರ

ಹಾಳೆಗಳೆಲ್ಲ ಬಾಡಿಗೆಯವು. ವಾಪಸ್ ಕಳಿಸೋಕೆ ಮುಂಚೆ ಪೆನ್ಸಿಲ್ ಗುರುತು ಒಂದೂ ಇರಬಾರದು. ಹಂಡೆ ಒಬ್ಬನ ಕೈಲಾಗಲ್ಲ ಅಂತ ಮೇಷ್ಟ್ರನ್ನ ಕೇಳಿ ನನ್ನನ್ನು ಕರೆದ. ಎರಡು ರಬ್ಬರು ತಗೊಂಡು ಹೋದೆ. ಐವತ್ತೆರಡು ಫೈಲು, ಐವತ್ತೆರಡು ಕಡೆ ಆ ಎಂಟು ಮನೆಯ ಗೆರೆ. ಉಜ್ಜಿ ಉಜ್ಜಿ ಬೆರಳು ಬಿಸಿಯಾಯಿತು.

ಓಬೋದು ಕೊನೆಗೆ ಬಂತು. ನಾನು ಆಮೇಲೆ ಹಾಕಿದ ಗೆರೆಯನ್ನು ಮೊದಲು ಅಳಿಸಿದೆ. ಪುಟ ತಿರುಗಿಸಿದೆ. ಉದ್ದದ ಸ್ವರದ ನಾಲ್ಕನೇ ಮನೆಯ ಮೇಲೆ ಉಸಿರಿನ ಗುರುತು, ಅಕ್ಕನ ಕೈಬರಹದಲ್ಲಿ ಪಕ್ಕದಲ್ಲಿ ಎರಡು ಮಾತು: 'ತಗೋ. ಅವಳಿದ್ದಾಳೆ.'

ಯಾವತ್ತು ಬರೆದಳೋ, ವೇದಿಕೆ ಹತ್ತೋಕೆ ಮುಂಚೆಯೇ ಇರಬೇಕು. ಹಂಡೆ "ಏನೇ, ಅಲ್ಲೇ ನಿಂತೆ?" ಅಂದ. ಏನಿಲ್ಲ ಅಂದೆ.

ಅಳಿಸಿದೆ. ಒಂದೂ ಇರಬಾರದು ಅಂದರೆ ಒಂದೂ ಇರಬಾರದು. ಆದರೆ ಗಟ್ಟಿಯಾಗಿ ಒತ್ತಿ ಬರೆದಿದ್ದಳು ಮಹಾರಾಯ್ತಿ, ಹಾಳೆ ತಿರುಗಿಸಿ ಹಿಂದೆ ಬೆರಳಾಡಿಸಿದರೆ ಈಗಲೂ ಸಿಗುತ್ತೆ. ಫೈಲು ಮುಚ್ಚಿ, ದಾರ ಕಟ್ಟಿ, ಹಂಡೆಯ ಕೈಗೆ ಕೊಟ್ಟೆ.